ಪೇಟೆ ಚೌಕದ ಶೌಚಾಲಯದ ಬೀಗ ಮಹಾಶಯರಿಗೆ

ಮಾನ್ಯ ಬೀಗ ಮಹಾಶಯರೇ,

ಆಶ್‌ಬೆಕ್ ಪೇಟೆ ಚೌಕದ ಸಾರ್ವಜನಿಕ ಶೌಚಾಲಯದ ಹಸಿರು ಬಾಗಿಲಿನ ಮೇಲೆ ಏಳು ವರ್ಷಗಳಿಂದ ಮಳೆಗೂ ಮಂಜಿಗೂ ಅಂಜದೆ, ಒಂದು ದಿನದ ರಜೆಯನ್ನೂ ಕೇಳದೆ ಸೇವೆ ಸಲ್ಲಿಸುತ್ತಿರುವ ತಮಗೆ, ತಮ್ಮ ಎದುರಿಗೇ ಇಪ್ಪತ್ತು ಹೆಜ್ಜೆ ದೂರದಲ್ಲಿ ಚೀಸ್ ಅಂಗಡಿ ಇಟ್ಟುಕೊಂಡಿರುವ ಮ್ಯೂರಿಯಲ್ ಆಸ್ಪಿನಾಲ್ ಎಂಬ ಎಪ್ಪತ್ತೊಂದು ವರ್ಷದ ಹೆಂಗಸಿನ ಸವಿನಯ ವಂದನೆಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ನಂಬುವುದೇನು ಬಂತು, ವಾರಕ್ಕೆ ಮೂರು ದಿನ ಕಣ್ಣಾರೆ ಕಾಣುತ್ತಲೇ ಇದ್ದೇನೆ. ನನ್ನ ಕ್ಷೇಮವನ್ನು ಮಾತ್ರ ತಾವು ಒಮ್ಮೆಯೂ ವಿಚಾರಿಸಲಿಲ್ಲ ಎಂಬುದೇ ಈ ಪತ್ರದ ವಿಷಯ.

ಇಂಥ ಅಹವಾಲನ್ನು ಪುರಸಭೆಯ ಮುಖಂಡರಿಗೆ ಬರೆಯುವುದು ಬಿಟ್ಟು ತಮಗೇಕೆ ಬರೆದೆನೆಂದು ತಾವು ಕೇಳಬಹುದು. ಬರೆದೆ ಸ್ವಾಮಿ, ಅವರಿಗೂ ಬರೆದೆ. ನಮ್ಮ ಊರಿನಲ್ಲಿ ನಾಲ್ಕು ವರ್ಷಕ್ಕೆ ಮೂರು ಸಲ, ಮೇ ತಿಂಗಳ ಮೊದಲ ಗುರುವಾರ, ಪುರಸಭೆಯ ಮೂರರಲ್ಲಿ ಒಂದು ಪಾಲು ಸದಸ್ಯರನ್ನು ಹೊಸದಾಗಿ ಆರಿಸುತ್ತಾರೆ ಎಂಬುದು ಬಾಗಿಲಲ್ಲೇ ಇರುವ ತಮಗೆ ಗೊತ್ತಿರುವುದೇ. ಹೀಗಾಗಿ ಕೆಂಪು ಪಕ್ಷದ ಮುಖಂಡರಿಗೆ ನಾನು ಬರೆದ ಪತ್ರಕ್ಕೆ ನೀಲಿ ಪಕ್ಷದ ಮುಖಂಡರು ಉತ್ತರ ಬರೆದರು; ಆ ಉತ್ತರಕ್ಕೆ ನಾನು ಬರೆದ ಮರುಪತ್ರವು ಯಾರಿಗೂ ಬಹುಮತವಿಲ್ಲದ ಕಾಲದಲ್ಲಿ ಹೋಗಿ ತಲುಪಿತಾದ್ದರಿಂದ ಅದರ ಲಕೋಟೆಯನ್ನು ಒಡೆಯುವ ಅಧಿಕಾರ ಯಾರಿಗಿದೆ ಎಂಬುದೇ ತೀರ್ಮಾನವಾಗಲಿಲ್ಲ. ಈ ಏಳು ವರ್ಷಗಳಲ್ಲಿ ಕುರ್ಚಿ ಬಿಟ್ಟು ಕದಲದವರು, ಮಾತು ಬದಲಿಸದವರು, ಬಣ್ಣ ಬಳಿದುಕೊಳ್ಳದವರು ಇಡೀ ಪುರಸಭೆಯಲ್ಲಿ ತಾವೊಬ್ಬರೇ. ಆದ್ದರಿಂದ ಆಶ್‌ಬೆಕ್ಕನ್ನು ನಿಜವಾಗಿ ಆಳುತ್ತಿರುವವರು ತಾವೇ ಎಂದು ತಿಳಿದು, ನೇರವಾಗಿ ತಮ್ಮಲ್ಲಿಗೇ ಬಂದಿದ್ದೇನೆ.

ತಮ್ಮ ಆಳ್ವಿಕೆಯ ಚರಿತ್ರೆಯನ್ನು ತಮಗೇ ಹೇಳುವುದು ಅಧಿಕಪ್ರಸಂಗವಾದೀತು. ಆದರೂ ಹೊಗಳದೆ ಇರಲಾರೆ. ತಮ್ಮನ್ನು ಮೊದಲು ಇಲ್ಲಿ ತೂಗುಹಾಕಿದವರು ಕೆಂಪು ಪಕ್ಷದವರು. ನಾನೂ ಆ ಪಕ್ಷದವಳೇ, ನನ್ನ ತಾಯಿಯೂ ಆ ಪಕ್ಷದವಳೇ, ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ‘ಇದು ತಾತ್ಕಾಲಿಕ’ ಎಂದು ಬಾಗಿಲ ಮೇಲೊಂದು ಕಾಗದ ಅಂಟಿಸಿದ್ದರು. ಆಗ ನೀಲಿ ಪಕ್ಷದವರು ಸಾಲಾಗಿ ತಮ್ಮ ಮುಂದೆ ನಿಂತು, ಮುಖ ಗಂಟು ಹಾಕಿಕೊಂಡು, ತಮ್ಮ ಕಡೆ ಬೆರಳು ತೋರಿಸುತ್ತ ಫೋಟೋ ತೆಗೆಸಿಕೊಂಡು, ಅದನ್ನು ಕರಪತ್ರದಲ್ಲಿ ಹಾಕಿ ಮನೆಮನೆಗೂ ಹಂಚಿ ಗೆದ್ದರು. ಗೆದ್ದ ಮೇಲೆ ತಮ್ಮ ಬಗ್ಗೆ ಅಧ್ಯಯನ ಮಾಡಲು ಒಂದು ಸಮಿತಿ ನೇಮಿಸಿದರು. ಸಮಿತಿ ವರದಿ ಕೊಡುವಷ್ಟರಲ್ಲಿ ಯಾರಿಗೂ ಬಹುಮತ ಇಲ್ಲವಾಗಿ, ಮೂವರೇ ಇದ್ದ ಹಳದಿ ಪಕ್ಷದವರ ಕೈಗೆ ಇಂಥ ವಿಷಯಗಳ ಉಸ್ತುವಾರಿ ಬಂತು. ಅವರು ಹಸಿರು ಬಾಗಿಲಿಗೆ ಇನ್ನೊಂದು ಬಗೆಯ ಹಸಿರು ಬಳಿಸಿ, ತಮ್ಮ ಪಕ್ಕದಲ್ಲೊಂದು ಹೂವಿನ ಬುಟ್ಟಿ ತೂಗುಹಾಕಿದರು. ಆಮೇಲೆ ಮತ್ತೆ ನಮ್ಮವರು ಬಂದು ಜನಾಭಿಪ್ರಾಯ ಕೇಳಿದರು. ‘ಶೌಚಾಲಯವನ್ನು ಬಳಸುವ ಅಗತ್ಯ ತಮಗೆ ಎಷ್ಟರಮಟ್ಟಿಗೆ ಕಂಡುಬರುತ್ತದೆ, ಒಂದರಿಂದ ಐದರೊಳಗೆ ಗುರುತಿಸಿ’ ಎಂದು. ಎದುರು ಸಾಲಿನ ಮೀನಿನಂಗಡಿಯಾತ ಹದಿನೇಳು ಎಂದು ಬರೆದು ಕಳಿಸಿದ್ದಕ್ಕೆ ಅವನ ಅಭಿಪ್ರಾಯ ಅಸಿಂಧುವಾಯಿತು. ಕೊನೆಗೆ ಮತ್ತೆ ನೀಲಿಯವರು ಬಂದು ತೆರೆದೇ ಬಿಡುತ್ತೇವೆಂದು ಹೊರಟಾಗ, ಕಚೇರಿ ಮೂರು ಸಲ ಜಾಗ ಬದಲಾಯಿಸಿದ ಗಡಿಬಿಡಿಯಲ್ಲಿ ತಮ್ಮ ಬೀಗದಕೈ ಕಳೆದುಹೋಗಿರುವುದು ಗೊತ್ತಾಯಿತು. ಕತ್ತರಿಸೋಣವೆಂದರೆ ಅದು ನೂರು ವರ್ಷ ಮೀರಿದ ಬಾಗಿಲು, ಪಾರಂಪರಿಕ ಪಟ್ಟಿಯಲ್ಲಿದೆ. ಏಳು ವರ್ಷದ ತಾವು ನೂರು ವರ್ಷದ ಬಾಗಿಲನ್ನು ಹಿಡಿದುಕೊಂಡಿರುವ ಕಾರಣದಿಂದ ತಾವೂ ಪಾರಂಪರಿಕವೇ ಅಲ್ಲವೇ ಎಂಬ ಪ್ರಶ್ನೆಯನ್ನು ವಕೀಲರಿಗೆ ಕಳುಹಿಸಿದ್ದಾರೆ. ಪರಸ್ಪರ ಮುಖ ನೋಡದ ಮೂರು ಪಕ್ಷಗಳು ಹೀಗೆ ಒಂದಾದ ಮೇಲೊಂದು ಬಂದು ಒಪ್ಪಿಕೊಂಡ ಪ್ರತಿನಿಧಿ ಈ ಊರಿನಲ್ಲಿ ಇನ್ನಾರಿದ್ದಾರೆ, ತಾವೇ ಹೇಳಿ.

ಇನ್ನು ನನ್ನ ವಿಷಯ. ಮಂಗಳವಾರ, ಶುಕ್ರವಾರ, ಶನಿವಾರ ಬೆಳಿಗ್ಗೆ ಆರರಿಂದ ಮಧ್ಯಾಹ್ನ ನಾಲ್ಕರವರೆಗೆ ನಾನು ಅಂಗಡಿಯಲ್ಲಿ ನಿಂತಿರುತ್ತೇನೆ. ನನ್ನ ಅಜ್ಜಿ ನಿಂತ ಜಾಗ ಅದು, ನನ್ನ ತಾಯಿ ನಿಂತ ಜಾಗ. ಅವರಿಬ್ಬರ ಕಾಲದಲ್ಲೂ ತಾವಿರಲಿಲ್ಲ. ಈಗ ನನಗೆ ಅಗತ್ಯ ಬಿದ್ದರೆ ಪಕ್ಕದ ಮೊಟ್ಟೆಯಂಗಡಿಯವಳಿಗೆ ಹೇಳಿ, ಬಸ್ಸು ಹತ್ತಿ, ಮನೆಗೆ ಹೋಗಿ, ಬಸ್ಸು ಹತ್ತಿ ಬರಬೇಕು. ಬರುವಷ್ಟರಲ್ಲಿ ಮೊಟ್ಟೆಯಂಗಡಿಯವಳು ನನ್ನ ಅತಿ ಒಳ್ಳೆಯ ಚೀಸನ್ನು ಬೆಣ್ಣೆಯ ದರಕ್ಕೆ ಮಾರಿರುತ್ತಾಳೆ. ಆದ್ದರಿಂದ ಪೇಟೆಯ ದಿನಗಳಲ್ಲಿ ಬೆಳಿಗ್ಗೆ ಚಹಾ ಕುಡಿಯುವುದನ್ನು ಬಿಟ್ಟೆ. ಚಹಾ ಬಿಟ್ಟ ಇಂಗ್ಲೆಂಡಿನ ಹೆಂಗಸಿನ ಮುಖ ಹೇಗಿರುತ್ತದೆಂದು ನನ್ನ ಗಿರಾಕಿಗಳನ್ನು ಕೇಳಿ. ಕೇಳಲು ಅವರೂ ಉಳಿದಿಲ್ಲ. ನನ್ನ ವಯಸ್ಸಿನವರು ಒಬ್ಬೊಬ್ಬರಾಗಿ ಊರಾಚೆಯ ದೊಡ್ಡ ಅಂಗಡಿಗೆ ಹೋಗತೊಡಗಿದ್ದಾರೆ. ಅಲ್ಲಿಯ ಚೀಸ್ ಮೇಣದ ಹಾಗಿದೆ, ಶೌಚಾಲಯ ಮಾತ್ರ ಅರಮನೆಯ ಹಾಗಿದೆಯಂತೆ. ಈ ಮೇ ತಿಂಗಳಲ್ಲಾದರೂ ತಾವು ಬಾಗಿಲು ಬಿಡದಿದ್ದರೆ ಜೂನ್ ಕೊನೆಗೆ ಅಂಗಡಿ ಬಿಟ್ಟುಕೊಡುವುದೆಂದು ನಾನು ನಿಶ್ಚಯಿಸಿದ್ದೆ. ಜಾಗ ಬಿಟ್ಟುಕೊಡುವ ಕಾಗದವನ್ನು ತುಂಬಿ, ಸಹಿಯೊಂದನ್ನು ಬಿಟ್ಟು, ಚಹಾ ಡಬ್ಬಿಯ ಹಿಂದೆ ಇಟ್ಟಿದ್ದೇನೆ.

ಹೀಗಿರುವಾಗ ಈ ಸಲದ ಚುನಾವಣೆ ಬಂತು. ನಮ್ಮ ಪೇಟೆ ವಾರ್ಡಿಗೆ ಕೆಂಪು ಪಕ್ಷದಿಂದ ನಿಂತ ಡೋರೀನ್, ಗೆದ್ದ ಮೊದಲ ವಾರವೇ ತಮ್ಮನ್ನು ಕೆಳಗಿಳಿಸುವೆನೆಂದು ಮಾತು ಕೊಟ್ಟಳು. ಹಳದಿಯವರೂ ಅವಳ ಕಡೆ ಕೈಯೆತ್ತುವುದಾಗಿ ಹೇಳಿದರು. ನೀಲಿ ಪಕ್ಷದ ನೈಜೆಲ್ ವಕೀಲರ ಅಭಿಪ್ರಾಯ ಬರಲಿ ಎಂದ. ಮತಗಟ್ಟೆಯನ್ನು ಹಾಕಿದ್ದು ತಮ್ಮ ಕಣ್ಣೆದುರಿಗೇ, ಪೇಟೆಯ ಕಾರು ನಿಲ್ಲಿಸುವ ಜಾಗದಲ್ಲಿ, ಲಾರಿಯಲ್ಲಿ ತಂದಿಳಿಸಿದ ತಗಡಿನ ಕೋಣೆಯಲ್ಲಿ. ಬಾಗಿಲ ಹೊರಗೆ ಎರಡು ಮಡಿಸುವ ಕುರ್ಚಿ: ಒಂದರಲ್ಲಿ ಎದೆಗೆ ಕೆಂಪು ರಿಬ್ಬನ್ನಿನ ಹೂವು ಚುಚ್ಚಿಕೊಂಡ ನಾನು, ಇನ್ನೊಂದರಲ್ಲಿ ನೀಲಿ ಹೂವಿನ ಕ್ಲಿಫರ್ಡ್ ಎಂಟ್‌ವಿಸಲ್. ಮತ ಹಾಕಿ ಬಂದವರ ಮತದಾರರ ಪಟ್ಟಿಯ ನಂಬರು ಕೇಳಿ ಬರೆದುಕೊಳ್ಳುವುದು ನಮ್ಮ ಕೆಲಸ. ಆ ಚೀಟಿ ನೋಡಿ, ಇನ್ನೂ ಬಾರದ ತಂತಮ್ಮ ಕಡೆಯವರ ಬಾಗಿಲು ತಟ್ಟಿ ಕರೆತರುವುದು ಪಕ್ಷದವರ ಕೆಲಸ.

ಕ್ಲಿಫರ್ಡ್ ತಮಗೆ ಅಪರಿಚಿತನಲ್ಲ. ಹಳೆಯ ಸೇತುವೆಯ ಬಳಿ ಬೀಗ, ಮೊಳೆ, ಸುತ್ತಿಗೆಯ ಅಂಗಡಿ ಇಟ್ಟಿದ್ದವನು. ಅಂಗಡಿ ಮುಚ್ಚುವ ಕೊನೆಯ ವಾರದಲ್ಲಿ ತಮ್ಮನ್ನು ಪುರಸಭೆಗೆ ಮಾರಿದವನೇ ಅವನು. ಅವನೂ ನಾನೂ ಇಪ್ಪತ್ತಾರು ವರ್ಷದಿಂದ ಹೀಗೆ ಅಕ್ಕಪಕ್ಕ ಕೂತಿದ್ದೇವೆ, ಇಪ್ಪತ್ತಾರು ವರ್ಷದಿಂದ ಒಂದೇ ಒಪ್ಪಂದ ಪಾಲಿಸಿದ್ದೇವೆ. ಅವನು ಹಾಕಿದರೆ ನೀಲಿಗೊಂದು, ನಾನು ಹಾಕಿದರೆ ಕೆಂಪಿಗೊಂದು. ಎರಡೂ ಒಂದಕ್ಕೊಂದು ಹೊಡೆದುಹೋಗುವ ಮತಗಳಾದ್ದರಿಂದ ಇಬ್ಬರೂ ಹಾಕುವುದು ಬೇಡ. ಮೊದಲ ವರ್ಷ ಜೋರು ಮಳೆಯಿದ್ದು, ಸಾಲಿನಲ್ಲಿ ನಿಲ್ಲುವ ಬೇಸರಕ್ಕೆ ಮಾಡಿಕೊಂಡದ್ದು. ಆಮೇಲೆ ಮಳೆ ನಿಂತರೂ ಒಪ್ಪಂದ ನಿಲ್ಲಲಿಲ್ಲ. ಬೆಳಿಗ್ಗೆ ಏಳಕ್ಕೆ ಕೈ ಕುಲುಕಿದೆವೆಂದರೆ ಮುಗಿಯಿತು.

ಈ ಸಲ ನಾನು ಕೈ ಚಾಚಿದಾಗ ಅವನು ಬಾಯಿ ತೆರೆದು, ಮುಚ್ಚಿ, ತಮ್ಮ ಕಡೆಗೊಮ್ಮೆ ನೋಡಿದ.

“ಏನಪ್ಪಾ ಕ್ಲಿಫರ್ಡ್, ಕೈ ಕೊಡೋಕೂ ಈಗ ಸಮಿತಿ ಕೂರಿಸ್ಬೇಕಾ?” ಎಂದೆ.

“ಇಲ್ಲ ಕಣಮ್ಮಾ, ಚಳಿ. ಕೈ ಜೇಬಿಂದ ಹೊರಗೆ ಬರೋಕೆ ಒಪ್ತಿಲ್ಲ” ಎಂದು ಕೊನೆಗೂ ಕೊಟ್ಟ.

ಅಂದು ಅವನು ಕುರ್ಚಿಯಲ್ಲಿ ಕೂತದ್ದಕ್ಕಿಂತ ರಸ್ತೆಯಲ್ಲಿ ನಡೆದದ್ದೇ ಹೆಚ್ಚು. ಎಪ್ಪತ್ತನಾಲ್ಕು ದಾಟಿದ ಗಂಡಸು, ತಾವು ಎದುರಿಗೇ ಗಟ್ಟಿಯಾಗಿ ಹಿಡಿದು ಕೂತಿದ್ದೀರಿ, ಮನೆ ಗುಡ್ಡದ ಮೇಲೆ. ಒಬ್ಬರು ಎದ್ದುಹೋದಾಗ ಇನ್ನೊಬ್ಬರು ಎರಡೂ ಪಕ್ಷದ ಚೀಟಿ ಬರೆಯುವುದು ನಮ್ಮ ಕಡೆಯ ಮರ್ಯಾದೆ.

“ಮ್ಯೂರಿಯಲ್, ಸ್ವಲ್ಪ ನಮ್ಮ ಚೀಟೀನೂ ನೋಡ್ಕೋ. ಮನೆಗೆ ಹೋಗಿ ಬಂದ್ಬಿಟ್ಟೆ.”

“ಮತ್ತೇನಾ? ಇದು ನಾಲ್ಕನೇ ಸಲ!”

“ಫ್ಲಾಸ್ಕಿಂದ ಚಹಾ ಬಗ್ಗಿಸಿ ಬಗ್ಗಿಸಿ ಕೊಟ್ಟೋಳು ಯಾರು? ನಿಮ್ಮ ಪಕ್ಷದ ಸಂಚು ಇರ್ಬೇಕು.”

“ಸಂಚು ಮಾಡೋಷ್ಟು ಬುದ್ಧಿ ನಮ್ಮ ಪಕ್ಷದೋರಿಗಿದ್ರೆ ಆ ಬೀಗ ಅಲ್ಲಿರ್ತಿತ್ತಾ? ಹೋಗು, ಬೇಗ ಹೋಗು.”

ನಾನು ಶಾಲೆಯಲ್ಲಿ ಕೈಬರಹಕ್ಕೆ ಬಹುಮಾನ ಪಡೆದವಳು. ಅವನ ಚೀಟಿಯನ್ನು ನನ್ನದಕ್ಕಿಂತ ದುಂಡಗೆ ಬರೆದೆ. ಆ ದುಂಡನೆಯ ಅಂಕಿಗಳನ್ನು ನೋಡಿಯೇ ನೀಲಿಯವರಿಗೆ ಮುದುಕಿ ಐರಿಸ್ ಇನ್ನೂ ಬಂದಿಲ್ಲವೆಂದು ಗೊತ್ತಾಗಿ, ಆಕೆಯನ್ನು ಮನೆಯ ಚಪ್ಪಲಿಯಲ್ಲೇ, ಕಂಕುಳಲ್ಲಿ ನಾಯಿಮರಿ ಸಮೇತ, ಕಾರಿನಲ್ಲಿ ತಂದಿಳಿಸಿದರು. ಆಕೆ ಮತ ಹಾಕಿ ಬಂದು ನನ್ನ ಮುಂದೆಯೇ ನಿಂತು ನಂಬರು ಹೇಳಿದಳು. ನಾನೇ ಬರೆದುಕೊಂಡೆ.

ಮರುದಿನ ಅಂಗಡಿ ಮುಚ್ಚಿ ಈಜುಕೊಳದ ಪಕ್ಕದ ಆಟದ ಸಭಾಂಗಣದಲ್ಲಿ ಎಣಿಕೆ ನೋಡಲು ಹೋದೆ. ನಲವತ್ತೈದು ಕುರ್ಚಿಗಳಲ್ಲಿ ನೀಲಿಗೆ ಇಪ್ಪತ್ತೆರಡು. ಕೆಂಪು ಹಳದಿ ಸೇರಿದರೂ ಇಪ್ಪತ್ತೆರಡು. ಉಳಿದದ್ದು ನಮ್ಮ ಪೇಟೆ ವಾರ್ಡು. ಮೂರು ಸಲ ಎಣಿಸಿದರು, ಮೂರು ಸಲವೂ ಡೋರೀನ್‌ಗೆ ಆರುನೂರ ಹನ್ನೊಂದು, ನೈಜೆಲ್‌ಗೆ ಆರುನೂರ ಹನ್ನೊಂದು. ಹೀಗಾದರೆ ಚೀಟಿ ಎತ್ತಬೇಕೆಂಬುದು ಕಾನೂನು. ಚುನಾವಣಾಧಿಕಾರಿಯಮ್ಮ ಸಿಬ್ಬಂದಿಯ ಖಾಲಿ ಬಿಸ್ಕತ್ತಿನ ಡಬ್ಬಿಯನ್ನು ತರಿಸಿ, ಚೂರು ಕೊಡವಿ, ಎರಡು ಲಕೋಟೆ ಹಾಕಿ, ಕಣ್ಣು ಮುಚ್ಚಿ ಕೈಯಿಟ್ಟಳು. ಎರಡು ಲಕ್ಷ ಜನರಿರುವ ಊರಿನ ಆಡಳಿತ ಯಾರ ಕೈಗೆ ಹೋಗಬೇಕೆಂದು ಒಂದು ಬಿಸ್ಕತ್ತಿನ ಡಬ್ಬಿ ಹೇಳುವುದನ್ನು ನಾವೆಲ್ಲ ಕೆಮ್ಮದೆ ಕಾದೆವು. ಡಬ್ಬಿ ನೈಜೆಲ್ ಎಂದಿತು. ಇಪ್ಪತ್ತಮೂರು. ನೀಲಿಯವರು ಚಪ್ಪಾಳೆ ತಟ್ಟಿದರು. ಕ್ಲಿಫರ್ಡ್ ಒಬ್ಬ ತಟ್ಟಲಿಲ್ಲ. ನನ್ನನ್ನು ಕಂಡು ದುಃಖವಾಗಿರಬೇಕು, ಎಷ್ಟು ಒಳ್ಳೆಯ ಮನುಷ್ಯ ಎಂದುಕೊಂಡು ಮನೆಗೆ ಬಂದೆ.

ಶನಿವಾರ ಬೆಳಿಗ್ಗೆ ಅವನು ಎಂದಿನಂತೆ ಪುಡಿಪುಡಿಯಾಗುವ ಬಿಳಿ ಚೀಸಿಗೆ ಬಂದ. ನಾನು ತಂತಿಯಿಂದ ಕೊಯ್ಯುತ್ತಿದ್ದೆ.

“ನಾನು ಈ ಸಲ ನಿಮ್ಮ ಡೋರೀನ್‌ಗೇ ಹಾಕ್ಬೇಕು ಅಂತಿದ್ದೆ” ಎಂದ.

ತಂತಿ ಚೀಸಿನ ಅರ್ಧದಲ್ಲೇ ನಿಂತಿತು. “ಏನಂದೆ?”

“ಅವಳು ಬಾಗಿಲು ತೆಗೀತೀನಿ ಅಂದಿದ್ಲಲ್ಲ. ನನ್ನ ವಯಸ್ಸಿಗೆ ಈಗ ಪಕ್ಷಕ್ಕಿಂತ ಅದೇ ಹತ್ತಿರದ್ದು.”

“ಅದನ್ನ ಗುರುವಾರ ಏಳು ಗಂಟೆಗೆ ಹೇಳೋಕೆ ನಿನಗೇನಾಗಿತ್ತು ದೊಡ್ಡ ರೋಗ?”

“ಹೇಳೋಣ ಅಂತ್ಲೇ ಬಾಯಿ ತೆಗೆದೆ. ಅಷ್ಟರಲ್ಲಿ ನೀನು ಕೈ ಚಾಚಿಬಿಟ್ಟೆ. ಚಾಚಿದ ಕೈನ ಹಾಗೇ ಗಾಳೀಲಿ ಬಿಡೋಕಾಗತ್ತಾ ಮ್ಯೂರಿಯಲ್?”

ಬೀಗ ಮಹಾಶಯರೇ, ತಾವು ಕಬ್ಬಿಣ ಹಿತ್ತಾಳೆಯವರು, ತಮಗೆ ಇದು ಅರ್ಥವಾಗಲಿಕ್ಕಿಲ್ಲ. ಅವನೊಬ್ಬ ಹಾಕಿದ್ದರೆ ಒಂದು ಮತದಿಂದ ಗೆಲುವು, ಇಬ್ಬರೂ ಹಾಕಿದ್ದರೆ ಎರಡರಿಂದ. ತಮ್ಮನ್ನು ಕೆಳಗಿಳಿಸುವ ಎರಡು ಮತಗಳು ಬೆಳಗಿನಿಂದ ರಾತ್ರಿಯವರೆಗೆ ಮತಗಟ್ಟೆಯ ಬಾಗಿಲಲ್ಲೇ ಮಡಿಸುವ ಕುರ್ಚಿಯಲ್ಲಿ ಕೂತು, ಪರಸ್ಪರ ಚಹಾ ಬಗ್ಗಿಸಿಕೊಳ್ಳುತ್ತ, ಊರವರೆಲ್ಲ ಒಳಗೆ ಹೋಗಿ ಬರುವುದನ್ನು ಬರೆದುಕೊಂಡಿದ್ದವು! ನಾನು ಚೀಸನ್ನು ಅವನಿಗೆ ಕೊಡಲಿಲ್ಲ. ಕೊಯ್ದ ತುಂಡನ್ನು ಅವನ ಮುಂದೆಯೇ ಮತ್ತೆ ಗಡ್ಡೆಗೆ ಒತ್ತಿ ಅಂಟಿಸಿ, “ಮುಂದಿನ ಗಿರಾಕಿ” ಎಂದೆ. ಮುಂದಿನ ಗಿರಾಕಿ ಯಾರೂ ಇರಲಿಲ್ಲ. ಆದರೂ ಅವನು ಟೋಪಿ ಎತ್ತಿ ಹೊರಟುಹೋದ. ಮನೆಗೆ ಬಂದು ಚಹಾ ಡಬ್ಬಿಯ ಹಿಂದಿನ ಕಾಗದ ತೆಗೆದು, ಪೆನ್ನಿನ ಮುಚ್ಚಳವನ್ನೂ ತೆಗೆದಿದ್ದೆ.

ಇವತ್ತು, ಸೋಮವಾರ ಸಂಜೆ, ನನ್ನ ಮನೆಯ ಬಾಗಿಲು ತಟ್ಟಿದ ಸದ್ದಾಯಿತು. ಕ್ಲಿಫರ್ಡ್. ಒಳಗೆ ಕರೆಯುವ ಮನಸ್ಸಿರಲಿಲ್ಲ, ಆದರೆ ಅವನು ನಿಂತ ಭಂಗಿ ನೋಡಿ ಮೊದಲು ಹಿತ್ತಲ ಕಡೆಯ ಬಾಗಿಲು ತೋರಿಸಬೇಕಾಯಿತು. ತಿರುಗಿ ಬಂದು ಮೇಜಿನ ಮೇಲೊಂದು ಹಳೆಯ ಕೆಮ್ಮಿನ ಮಿಠಾಯಿ ಡಬ್ಬಿ ಇಟ್ಟು ಮುಚ್ಚಳ ತೆಗೆದ. ಒಳಗೆ ಹಿತ್ತಾಳೆಯ ಸಣ್ಣ ಬೀಗದಕೈ.

“ಪ್ರತಿ ಬೀಗಕ್ಕೂ ಎರಡಿರತ್ತೆ” ಎಂದ. “ಪುರಸಭೆ ಕಾಗದದಲ್ಲಿ ಒಂದು ಬೀಗದಕೈ ಅಂತ ಬರ್ದಿತ್ತು. ಒಂದೇ ಕೊಟ್ಟೆ.”

“ಏಳು ವರ್ಷದಿಂದ ಇದು ನಿನ್ನ ಹತ್ರ ಇತ್ತಾ?”

“ಇತ್ತು.”

“ನೀನು ಗುಡ್ಡ ಹತ್ತಿ ಇಳ್ದು ಹತ್ತಿ ಇಳ್ದು ಸಾಯ್ತಿದ್ದಾಗ್ಲೂ?”

“ಏನ್ಮಾಡ್ಲಿ ಹೇಳು. ನಮ್ಮೋರು ಆಳ್ತಿದ್ದಾಗ ತೆಗೆದುಕೊಟ್ರೆ ನಮ್ಮೋರಿಗೆ ಅವಮಾನ. ನಿಮ್ಮೋರು ಆಳ್ತಿದ್ದಾಗ ತೆಗೆದುಕೊಟ್ರೆ ನಿಮ್ಮೋರಿಗೆ ಹೆಸರು.”

“ಯಾರಿಗೂ ಬಹುಮತ ಇಲ್ಲದ ವರ್ಷ?”

ಅವನು ಡಬ್ಬಿಯ ಮುಚ್ಚಳ ಹಾಕಿ, ಮತ್ತೆ ತೆಗೆದ. “ಆಗ ಯಾರಿಗೆ ಕೊಡ್ಬೇಕೋ ಗೊತ್ತಾಗ್ಲಿಲ್ಲ” ಎಂದ.

ಬಯ್ಯಲು ನನಗೆ ಮುಖವಾದರೂ ಎಲ್ಲಿತ್ತು? ನಮ್ಮವರು ಮುಚ್ಚಿಸಿದ ಬಾಗಿಲನ್ನು ನಮ್ಮವರೇ ತೆರೆಯಲಿ ಎಂದು ನಾನೂ ಏಳು ವರ್ಷ ಕಾದವಳೇ. ಒಲೆಯ ಮೇಲೆ ಕೆಟಲ್ ಇಟ್ಟೆ. ಸಹಿ ಮಾಡದ ಕಾಗದದ ಮೇಲೆಯೇ ಅವನ ಕಪ್ಪು ಇಟ್ಟದ್ದರಿಂದ ಅದರ ಮೇಲೊಂದು ದುಂಡನೆಯ ಕಲೆ ಬಿದ್ದಿದೆ.

ಆದ್ದರಿಂದ ಬೀಗ ಮಹಾಶಯರೇ, ಈ ಪತ್ರವನ್ನು ದೂರೆಂದೂ ತಿಳಿಯಬಹುದು, ಮುಂಚಿತ ಸೂಚನೆಯೆಂದೂ ತಿಳಿಯಬಹುದು. ನಾಳೆ ಬೆಳಿಗ್ಗೆ ಆರು ಗಂಟೆಗೆ, ಪೇಟೆ ನೆರೆಯುವ ಮುನ್ನ, ಕೆಂಪು ಪಕ್ಷದ ಒಬ್ಬಳೂ ನೀಲಿ ಪಕ್ಷದ ಒಬ್ಬನೂ ಸೇರಿದ ಸಮ್ಮಿಶ್ರ ನಿಯೋಗವೊಂದು ಬಕೆಟ್ಟು, ಕಸಬರಿಕೆ, ಸೋಪು ಮತ್ತು ಹನ್ನೆರಡು ಕಾಗದದ ಸುರುಳಿಗಳೊಂದಿಗೆ ತಮ್ಮನ್ನು ಕಾಣಲು ಬರಲಿದೆ. ಏಳು ವರ್ಷದ ತುಕ್ಕನ್ನು ನೆಪ ಮಾಡಿಕೊಂಡು ತಾವು ಹಟ ಹಿಡಿಯಬಾರದೆಂದು ವಿನಂತಿ. ಕ್ಲಿಫರ್ಡ್ ಎಣ್ಣೆಯನ್ನೂ ತರುತ್ತಾನೆ, ಆದರೆ ತಮ್ಮಂಥ ಹಿರಿಯರು ಎಣ್ಣೆ ಹಾಕಿಸಿಕೊಂಡು ಬಾಯಿ ಬಿಡುವುದು ಶೋಭೆಯಲ್ಲ, ಅದು ಸದಸ್ಯರಿಗಿರಲಿ. ತಾವಾಗಿಯೇ ರಾಜೀನಾಮೆ ಕೊಡುವುದಾದರೆ ಬೀಳ್ಕೊಡುಗೆಗೆ ಕೇಕು ಮಾಡಿಕೊಂಡು ಬರುತ್ತೇನೆ. ಮುಂದಿನ ಮೇ ತಿಂಗಳಲ್ಲಿ ತಾವು ಪಕ್ಷೇತರರಾಗಿ ನಿಲ್ಲುವ ಮನಸ್ಸು ಮಾಡಿದರೆ ನಾಮಪತ್ರಕ್ಕೆ ಬೇಕಾದ ಸಹಿಗಳನ್ನು ನಾನೇ ಹಾಕಿಸಿಕೊಡುತ್ತೇನೆ. ಹೇಳಿದ್ದನ್ನು ಏಳು ವರ್ಷ ಬಿಡದೆ ಹಿಡಿದುಕೊಂಡವರೊಬ್ಬರು ಪುರಸಭೆಯಲ್ಲಿ ಇರಬೇಕೆಂದು ಊರಿನ ಆಸೆ. ಬೆರಳಿಟ್ಟು ತೋರಿಸಲು ತಮ್ಮ ಬದಲಿಗೆ ಇನ್ನೇನನ್ನಾದರೂ ಮೂರೂ ಪಕ್ಷದವರಿಗೆ ದಯಮಾಡಿ ಹುಡುಕಿಕೊಡಿ, ಇಲ್ಲವಾದರೆ ಪಾಪ, ಅವರು ಫೋಟೋದಲ್ಲಿ ಕೈ ಎಲ್ಲಿಡಬೇಕೆಂದು ತಿಳಿಯದೆ ಕಂಗಾಲಾಗುತ್ತಾರೆ.

ಏಳು ವರ್ಷ ಎದುರು ನಿಂತ, ಇನ್ನು ಬಹಳ ಹೊತ್ತು ನಿಲ್ಲಲಾರದ,
ತಮ್ಮ ವಿಶ್ವಾಸಿ,
ಮ್ಯೂರಿಯಲ್ ಆಸ್ಪಿನಾಲ್,
ಚೀಸ್ ಅಂಗಡಿ, ಪೇಟೆ ಚೌಕ, ಆಶ್‌ಬೆಕ್

ಮರೆತ ಮಾತು: ಈ ಪತ್ರವನ್ನು ನಮ್ಮೂರ ಪತ್ರಿಕೆಗೆ ಕಳುಹಿಸುವ ಮುನ್ನ ಎರಡು ವಾರ ಇಟ್ಟುಕೊಂಡಿದ್ದೆ. ತಾವು ಎಣ್ಣೆಯಿಲ್ಲದೆ, ಒಂದೇ ತಿರುವಿಗೆ, ಬಹಳ ದಿನದಿಂದ ಯಾರಾದರೂ ಕೇಳಲೆಂದೇ ಕಾದವರ ಹಾಗೆ ಬಾಯಿ ಬಿಟ್ಟಿರಿ, ಅದಕ್ಕಾಗಿ ಋಣಿ. ಮೊದಲು ಒಳಗೆ ಹೋದವನು ಕ್ಲಿಫರ್ಡ್. ನಿನ್ನೆ ಒಂದೇ ದಿನ ನನ್ನ ಮನೆಗೆ ಮೂರು ಕರಪತ್ರ ಬಂದಿವೆ. ನೀಲಿಯದರಲ್ಲಿ ‘ನಾವು ತೆರೆದೆವು’ ಎಂದಿದೆ, ಕೆಂಪಿನದರಲ್ಲಿ ‘ನಮ್ಮ ಹೋರಾಟಕ್ಕೆ ಜಯ’ ಎಂದಿದೆ, ಹಳದಿಯದರಲ್ಲಿ ‘ನಾವು ಮೊದಲೇ ಹೇಳಿದ್ದೆವು’ ಎಂದಿದೆ. ಮೂರರಲ್ಲೂ ಅವರು ನಗುತ್ತ ತೆರೆದ ಬಾಗಿಲಿಗೆ ಬೆರಳು ತೋರಿಸುತ್ತಿದ್ದಾರೆ. ಮೂವರೂ ನಾವೇ ತೆರೆದೆವೆಂದು ಅಚ್ಚು ಹಾಕಿಸಿಬಿಟ್ಟಿರುವುದರಿಂದ ಇನ್ನು ಮುಚ್ಚುವ ಧೈರ್ಯ ಯಾರಿಗೂ ಬಾರದು. ಆದ್ದರಿಂದ ತಮ್ಮನ್ನು ನನ್ನ ಅಂಗಡಿಯಲ್ಲೇ ಇಟ್ಟುಕೊಂಡಿದ್ದೇನೆ, ಚೀಸ್ ಸುತ್ತುವ ಕಾಗದ ಹಾರದಂತೆ ಅದರ ಮೇಲೆ. ಕೆಳಗಡೆ ಕಲೆ ಬಿದ್ದ ಹಳೆಯ ಕಾಗದವೂ ಇದೆ; ಅದರ ಹಿಂಬದಿಯಲ್ಲಿ ಮೊಟ್ಟೆಯಂಗಡಿಯವಳಿಗಾಗಿ ಚೀಸಿನ ದರ ಬರೆದಿಟ್ಟಿದ್ದೇನೆ. ಮುಂದಿನ ಮೇ ತಿಂಗಳಲ್ಲಿ ನಾವಿಬ್ಬರೂ ಅದೇ ಕುರ್ಚಿಗಳಲ್ಲಿ ಕೂರುತ್ತೇವೆ, ಅದೇ ಫ್ಲಾಸ್ಕು ತರುತ್ತೇವೆ; ಕೈ ಮಾತ್ರ ಕುಲುಕುವುದಿಲ್ಲ. ಮೊದಲು ಒಳಗೆ ಹೋಗಿ ಮತ ಹಾಕಿ ಬರುತ್ತೇವೆ, ಯಾರಿಗೆಂದು ಅವನು ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ಆದರೆ ಎದುರಿನ ಬಾಗಿಲು ಅಂದು ತೆರೆದಿಲ್ಲದಿದ್ದರೆ ಎರಡೂ ಮತ ಎಲ್ಲಿಗೆ ಬೀಳುತ್ತವೆಂದು ಪುರಸಭೆಯವರು ತಮ್ಮ ಬಿಸ್ಕತ್ತಿನ ಡಬ್ಬಿಯನ್ನು ಕೇಳಿಕೊಳ್ಳಲಿ.